ಚಿಂದಿಗೆ ಬೇಡಿ ತಂದ ಬಟ್ಟೆ

ಒಂದು ಮನೆಯವರ ಯೋಗ್ಯತೆ ತಿಳಿಯಬೇಕಾದರೆ ಚಾವಡಿಯಲ್ಲಿ ಕೂತು ಅವರ ಮಾತು ಕೇಳಬಾರದು, ಹಿತ್ತಲಿಗೆ ಹೋಗಿ ಬಟ್ಟೆ ಒಣಗಿಸುವ ಹಗ್ಗ ನೋಡಬೇಕು ಎಂಬುದು ನನ್ನ ಬಹುಕಾಲದ ಅಭಿಪ್ರಾಯವಾಗಿತ್ತು. ಮಾತಿಗೆ ಎಷ್ಟು ಬೇಕಾದರೂ ಬಣ್ಣ ಕಟ್ಟಬಹುದು, ಹಗ್ಗದ ಮೇಲೆ ನೇತಾಡುವ ತೂತು ಬನಿಯನಿಗೆ ಆ ವಿದ್ಯೆ ಬಾರದು. ಪುತ್ತೂರಿನ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದು ಕೊಡುವ ಕೆಲಸ ನನ್ನದು. ಆದ್ದರಿಂದ ಈ ಅಭಿಪ್ರಾಯವನ್ನು ಬಟ್ಟೆಯ ಜೊತೆಗೆ ಪುಕ್ಕಟೆಯಾಗಿ ಎಲ್ಲ ಗಿರಾಕಿಗಳಿಗೂ ಹಂಚುತ್ತಿದ್ದೆ. ನಮ್ಮದೇ ಹಿತ್ತಲ ಹಗ್ಗದ ಮೇಲೆ ಪುತ್ತೂರು ಪೇಟೆಯ ಅರ್ಧ ಜನರ ಹಳೆ ಬಟ್ಟೆ ನೇತಾಡುವ ಕಾಲ ಬಂದ ಮೇಲೆ ಬಾಯಿ ಮುಚ್ಚಿಕೊಂಡೆ.

ಬಟ್ಟೆಯ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರ ಇತ್ತು ಎಂದೇ ಹೇಳಬೇಕು. ಕಣ್ಣು ಮುಚ್ಚಿ ಎರಡು ಬೆರಳುಗಳ ನಡುವೆ ಉಜ್ಜಿದರೆ ಸಾಕು, ಒಗೆದರೆ ಕುಗ್ಗುತ್ತದೋ ಇಲ್ಲವೋ, ಬಣ್ಣ ಬಿಡುತ್ತದೋ ಇಲ್ಲವೋ, ಗಂಜಿ ಹಾಕಿ ದಪ್ಪ ಮಾಡಿದ್ದೋ ನೂಲೇ ಗಟ್ಟಿಯೋ ಎಂದು ಹೇಳಿಬಿಡುತ್ತಿದ್ದೆ. ಸವಣೂರಿನಿಂದಲೋ ಕಡಬದಿಂದಲೋ ಮದುವೆ ಜವಳಿಗೆಂದು ಬಂದವರು ಸೀರೆಯನ್ನು ನಾಲ್ಕು ಸಲ ಮಗುಚಿ ನೋಡಿ, "ಇದು ಬಾಳಿಕೆ ಬರ್ತದಾ?" ಎಂದು ಕೇಳಿದರೆ, "ನೀವು ಉಡಿ, ನಿಮ್ಮ ಮಗಳು ಉಡ್ಲಿ, ಮತ್ತೆ ಬಂದು ನನ್ನನ್ನು ಕೇಳಿ" ಎನ್ನುತ್ತಿದ್ದೆ. ನಮ್ಮ ಧನಿಗಳಿಗೆ ನನ್ನ ಈ ಮಾತು ಬಹಳ ಇಷ್ಟ. ಇಂಥವನ ಮನೆಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಮಗುವಿಗೆಂದು ಒಂದು ಗೇಣು ಹೊಸ ಬಟ್ಟೆ ಬರುವಂತಿರಲಿಲ್ಲ.

ಕಾರಣ ಹೇಳಬೇಕು. ಅದನ್ನು ತಮಾಷೆಯಾಗಿ ಹೇಳಲು ನನ್ನಿಂದ ಆಗುವುದಿಲ್ಲ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಈ ಮಗುವಿಗಿಂತ ಮೊದಲು ನಮಗೆ ಎರಡು ಮಕ್ಕಳಾಗಿದ್ದವು. ಮೊದಲನೆಯದು ಹೆಣ್ಣು, ಎರಡನೆಯದು ಗಂಡು. ಎರಡೂ ಕಡಬದ ಹತ್ತಿರ ನನ್ನ ಹೆಂಡತಿ ಭಾಗೀರಥಿಯ ತವರಿನಲ್ಲಿ ಹುಟ್ಟಿದವು, ತೊಟ್ಟಿಲಿಗೆ ಹಾಕುವ ಮೊದಲೇ ಹೋದವು. ಎರಡು ಸಲವೂ ಸುದ್ದಿ ಸಿಕ್ಕಿದ ಕೂಡಲೇ ನಾನು ಅಂಗಡಿಯಿಂದ ಅತ್ಯಂತ ನಯವಾದ ಬಿಳಿ ಮಲ್‌ಮಲ್ ಬಟ್ಟೆಯನ್ನು ಆರಿಸಿ, ಚೌಕ ಚೌಕ ಕತ್ತರಿಸಿ, ಅಂಚು ಹೊಲಿಸಿ ತೆಗೆದುಕೊಂಡು ಹೋಗಿದ್ದೆ. ಮಗುವಿನ ಉಚ್ಚೆ ಬಟ್ಟೆಗೆ ಇಂಥ ಬಟ್ಟೆ ಹಾಕಿದವರು ಆ ಊರಿನಲ್ಲಿ ಯಾರೂ ಇಲ್ಲ ಎಂದು ನೋಡಲು ಬಂದ ಹೆಂಗಸರು ಹೇಳಿದಾಗ ಮಗು ಹುಟ್ಟಿದ್ದಕ್ಕಿಂತ ಹೆಚ್ಚಿಗೆ ಅದಕ್ಕೇ ಉಬ್ಬಿದ್ದೆ. ಎರಡು ಸಲವೂ ಆ ಮಲ್‌ಮಲ್ಲಿನಲ್ಲೇ ಸುತ್ತಿ ತೆಗೆದುಕೊಂಡು ಹೋಗಬೇಕಾಯಿತು.

ಮೂರನೆಯ ಸಲ ಭಾಗೀರಥಿ ಬಸುರಿಯಾದಾಗ ಸವಣೂರಿನಿಂದ ನನ್ನ ಸೋದರತ್ತೆ ಬಂದು ನಮ್ಮ ಬಾಡಿಗೆ ಬಿಡಾರದಲ್ಲೇ ನಿಂತರು. ನನ್ನನ್ನು ಸಾಕಿದವರು ಅವರೇ. ಪ್ರೀತಿ ಬಹಳ, ನಾಲಗೆಗೆ ಮಾತ್ರ ಅಂಚು ಹೊಲಿದಿರಲಿಲ್ಲ. ಬಂದ ದಿನವೇ ಹೇಳಿದರು: "ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುದುಂಟಾ ಮಾರಾಯ? ಎರಡು ಸಲ ತಂದದ್ದು ನೀನೇ ಅಲ್ವಾ? ಈ ಸಲ ಬೇಡಿ ತರಬೇಕು. ಮಕ್ಕಳೆಲ್ಲ ಗಟ್ಟಿ ಇರುವ ಮನೆಗೆ ಹೋಗಿ, ಹಳೆ ಬಟ್ಟೆ ಕೊಡಿ ಅಂತ ನೀನೇ ಬೇಡಬೇಕು. ಅದರಲ್ಲೇ ಅದು ಬೆಳೀಲಿ. ಚಂದದ ಹೆಸರೂ ಬೇಡ ಈಗ."

ನನ್ನನ್ನು ನೋಯಿಸಬೇಕೆಂದು ಅತ್ತೆ ಆ ಮಾತು ಆಡಿದ್ದಲ್ಲ. ಆದರೆ 'ತಂದದ್ದು ನೀನೇ ಅಲ್ವಾ' ಎಂಬುದು ನನ್ನೊಳಗೆ ಹೋಗಿ ಕೂತಿತು, ಎದ್ದು ಹೋಗಲಿಲ್ಲ. ಅಂಗಡಿಯಲ್ಲಿ ಮಲ್‌ಮಲ್ಲಿನ ಥಾನು ಬಿಚ್ಚುವಾಗೆಲ್ಲ ಕೈ ಒಂದು ಕ್ಷಣ ನಿಲ್ಲುತ್ತಿತ್ತು.

ಮಗು ಹುಟ್ಟಿತು, ಗಂಡು. ಬೇಡಿ ತಂದ ಬಟ್ಟೆಯಲ್ಲಿ ಮಲಗಬೇಕಾದವನಿಗೆ 'ಚಿಂದಿ' ಎಂದು ಅತ್ತೆಯೇ ಹೆಸರಿಟ್ಟರು. ಕರೆದುಕೊಂಡು ಹೋಗಲು ಬರುವವನು ಒಳಗೆ ಇಣುಕಿದರೆ, ಇದು ಯಾರೋ ಬಿಸಾಡಿದ ಸಾಮಾನು ಎಂದುಕೊಂಡು ಮುಂದೆ ಹೋಗಬೇಕು, ಅದು ಲೆಕ್ಕಾಚಾರ. ಸಾವಿನ ದೇವತೆಗೆ ನನ್ನಷ್ಟೂ ಬಟ್ಟೆಯ ಪರಿಚಯ ಇಲ್ಲವೇ ಎಂದು ಕೇಳಬೇಕೆನಿಸಿತ್ತು. ಕೇಳಲಿಲ್ಲ, ಬೇಡಲು ಹೊರಟೆ.

ಜವಳಿ ಅಂಗಡಿಯವನು ಹಳೆ ಬಟ್ಟೆ ಬೇಡಲು ಹೊರಡುವುದೆಂದರೆ ಹೋಟೆಲಿನ ಭಟ್ಟರು ಊಟಕ್ಕೆ ಅಕ್ಕಪಕ್ಕದ ಮನೆಗೆ ಹೋದ ಹಾಗೆ. ಮೊದಲು ಹೋದದ್ದು ನಮ್ಮ ಅಂಗಡಿಯ ಖಾಯಂ ಗಿರಾಕಿ, ಒಬ್ಬ ವಕೀಲರ ಮನೆಗೆ. ವಕೀಲರ ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಾ, "ಎಂತ, ಹೊಸ ಸೀರೆ ಬಂದಿದೆಯಾ?" ಎಂದು ಕೇಳಿದರು. ನಾನು ಬಾಗಿಲಲ್ಲೇ ತಡವರಿಸಿ, "ಹಳತು ಉಂಟಾ ಅಂತ ಕೇಳ್ಲಿಕ್ಕೆ ಬಂದದ್ದು" ಎಂದೆ. ಅವರ ನಗು ನಿಂತಿತು. ಮೆತ್ತಗಿನ ಎರಡು ಹಳೆ ಸೀರೆಗಳನ್ನೇನೋ ಕೊಟ್ಟರು. ಆದರೆ ಕಾರಣ ಹೇಳದೆ ನಾನು ಹೊರಟುಬಂದದ್ದರಿಂದ ಅವರೇ ಒಂದು ಕಾರಣ ಹುಡುಕಿಕೊಂಡರು. ವಾರದೊಳಗೆ, ನಮ್ಮ ಅಂಗಡಿಯಲ್ಲಿ ಹಳೆ ಸೀರೆಗೆ ಬಣ್ಣ ಹಾಕಿ ಇಸ್ತ್ರಿ ಮಾಡಿ ಹೊಸತೆಂದು ಮಾರುತ್ತಾರೆ ಎಂಬ ಸುದ್ದಿ ಬಸ್ಸು ಹತ್ತಿ ಸುಳ್ಯದವರೆಗೂ ಹೋಯಿತು.

ಧನಿಗಳು ನನ್ನನ್ನು ಒಳಗೆ ಕರೆದರು. "ಎಂತ ಮಾರಾಯ ಇದು? ಅಪ್ಪನ ಕಾಲದಿಂದ ಅಂಗಡಿ ನಡೆಸ್ತಾ ಇದ್ದೇನೆ, ಹೀಗೊಂದು ಮಾತು ಕೇಳಿರ್ಲಿಲ್ಲ" ಎಂದರು. ಬೇರೆ ದಾರಿಯಿಲ್ಲದೆ ಎಲ್ಲವನ್ನೂ ಹೇಳಿದೆ. ಮರುದಿನ ಅವರು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ನನ್ನ ಕೈಯಲ್ಲಿಟ್ಟು, "ನನ್ನ ಅಪ್ಪನ ಪಂಚೆ. ನಾವು ಏಳು ಜನ ಮಕ್ಕಳು, ಏಳೂ ಇದ್ದೇವೆ" ಎಂದರು. ಆಮೇಲೆ ಕಾರಣ ಊರಿಗೆಲ್ಲ ಗೊತ್ತಾಯಿತು, ನಾನು ಬೇಡುವ ಕೆಲಸವೇ ಉಳಿಯಲಿಲ್ಲ, ಬಟ್ಟೆ ತಾನಾಗಿ ಬರತೊಡಗಿತು. ಲುಂಗಿಯ ಚೌಕುಳಿ, ಪೋಸ್ಟ್‌ಮ್ಯಾನಿನ ಖಾಕಿ ಅಂಗಿಯ ಬೆನ್ನು, ಅರ್ಚಕರ ಮಾಸಿದ ಶಲ್ಯ, ಇಗರ್ಜಿಯ ಹತ್ತಿರದ ಟೀಚರಮ್ಮನ ಕಿಟಕಿ ಪರದೆ, ಎಲ್ಲವನ್ನೂ ನನ್ನ ಮಗ ಯಾವ ಭೇದವೂ ಇಲ್ಲದೆ ಒದ್ದೆ ಮಾಡಿದ.

ಹಗ್ಗದ ವಿಷಯ ಹೇಳಿದೆನಲ್ಲ, ನಮ್ಮ ಹಿತ್ತಲು ರಸ್ತೆಗೆ ಕಾಣುತ್ತಿತ್ತು. ಹೋಗುವವರು ನಿಂತು, "ಓ, ಅದು ನಮ್ಮ ಅಜ್ಜನ ಪಂಚೆ ಅಲ್ವಾ?" ಎಂದು ಗುರುತು ಹಿಡಿದು ಯೋಗಕ್ಷೇಮ ವಿಚಾರಿಸುವರು. ಅದು ಮಗುವಿನದ್ದೋ ಪಂಚೆಯದ್ದೋ ಎಂದು ನನಗೆ ತಿಳಿಯುತ್ತಿರಲಿಲ್ಲ. ಮಳೆಗಾಲದಲ್ಲಿ ಹಗ್ಗ ಉಪಯೋಗಕ್ಕಿಲ್ಲ. ಆಗ ಕೆಂಡದ ಮೇಲೆ ದೊಡ್ಡ ಬುಟ್ಟಿ ಕವುಚಿ, ಅದರ ಮೇಲೆ ಬಟ್ಟೆ ಹರಡಿ ಒಣಗಿಸಬೇಕು. ಆ ಹೊಗೆ ಮಗುವಿಗೂ ಹಿಡಿಯಿತು, ನನ್ನ ಅಂಗಿಗೂ ಹಿಡಿಯಿತು. ಅಂಗಡಿಯಲ್ಲಿ ನಾನು ರೇಷ್ಮೆ ಸೀರೆ ಬಿಚ್ಚಿ ತೋರಿಸುವಾಗ ಗಿರಾಕಿಗಳು ಮೂಗು ಅರಳಿಸಿ, ಎಲ್ಲಿ ಏನು ಸುಟ್ಟಿತು ಎಂದು ಸುತ್ತಲೂ ನೋಡುತ್ತಿದ್ದರು.

ನಡುವೆ ಬೊಂಬಾಯಿಯಲ್ಲಿದ್ದ ಭಾಗೀರಥಿಯ ಅಣ್ಣ ಬಂದವನು ಒಂದು ರಬ್ಬರು ಚಡ್ಡಿ ತಂದ. ಸೊಂಟಕ್ಕೂ ತೊಡೆಗೂ ಎಲಾಸ್ಟಿಕ್ ಇದ್ದ ಅದನ್ನು ಹಾಕಿದರೆ ಒಂದು ಹನಿ ಹೊರಗೆ ಬಾರದಂತೆ. ಅಮೆರಿಕದಲ್ಲಿ ಇನ್ನೂ ಮುಂದೆ ಹೋಗಿ, ಒಮ್ಮೆ ಕಟ್ಟಿ ಬಿಸಾಡುವ ಕಾಗದದ ಲಂಗೋಟಿಯೇ ಇದೆ ಎಂದೂ ಅವನು ಹೇಳಿದ. ಅತ್ತೆ ಕಣ್ಣರಳಿಸಿ, "ಬಿಸಾಡುದಾ? ಮತ್ತೆ ನಾಳೆಗೆ ಎಂತ ಕಟ್ಟುದು ಆ ಮಕ್ಕಳಿಗೆ?" ಎಂದು ಅಮೆರಿಕದ ಮಕ್ಕಳಿಗಾಗಿ ಮರುಗಿದರು. ಭಾಗೀರಥಿ ಮಾತ್ರ ಆ ಚಡ್ಡಿಯನ್ನು ಮುಟ್ಟಲೂ ಇಲ್ಲ. ಹೊಸತು ಎಂಬುದೇ ಅವಳಿಗೆ ಭಯ. ಕೊನೆಗೆ ನಾನದನ್ನು ನನ್ನ ಸೈಕಲ್ಲಿನ ಸೀಟಿಗೆ ತೊಡಿಸಿದೆ. ಎಷ್ಟು ಸರಿಯಾಗಿ ಕೂತಿತೆಂದರೆ ಇವತ್ತಿಗೂ ಮಳೆಗಾಲದಲ್ಲಿ ಪುತ್ತೂರಿನಲ್ಲಿ ಒಣಗಿದ ಸೀಟಿನ ಸೈಕಲ್ ಇರುವುದು ನನ್ನದೊಂದೇ.

ಬಂದ ಬಟ್ಟೆಗಳಲ್ಲೆಲ್ಲ ಒಳ್ಳೆಯದು ಪಕ್ಕದ ಬಿಡಾರದ ಕಮಲಕ್ಕ ಕೊಟ್ಟದ್ದು. ಆಕೆಯ ಗಂಡ ಕಲ್ಲುಗುಂಡಿಯ ಕಡೆಗೆ ಹೋಗುವ ಬಸ್ಸಿನ ಡ್ರೈವರು. ಸಾಲಾಗಿ ಮಕ್ಕಳು, ಒಂದಕ್ಕೂ ನೆಗಡಿಗಿಂತ ದೊಡ್ಡದು ಏನೂ ಬಂದದ್ದಿಲ್ಲ. ಅತ್ತೆಯಂತೂ ಆ ಮನೆಯ ಬಟ್ಟೆ ಸಿಕ್ಕಿದ ದಿನ, ಇನ್ನು ಹೆದರಿಕೆಯಿಲ್ಲ ಎಂದುಬಿಟ್ಟರು. ಕಿರಿಯವನು ವಸಂತ, ನಮ್ಮ ಚಿಂದಿಗಿಂತ ಎರಡು ವರ್ಷ ದೊಡ್ಡವನು. ಅವನ ಶಿಶುಕಾಲದ ಬಟ್ಟೆಗಳನ್ನೆಲ್ಲ ಕಮಲಕ್ಕ ಎತ್ತಿಕೊಟ್ಟಿದ್ದಳು, ಅದರಲ್ಲಿ ನೀಲಿ ಗೀಟಿನ ಒಂದು ಹಳೆ ಹಾಸಿಗೆ ಬಟ್ಟೆಯ ತುಂಡೂ ಇತ್ತು. ಅದನ್ನು ಕಟ್ಟಿದರೆ ಮಾತ್ರ ಚಿಂದಿ ಹಟ ಮಾಡದೆ ನಿದ್ದೆ ಹೋಗುತ್ತಿದ್ದ. ವಸಂತ ಬೇಲಿಯ ಆಚೆ ನಿಂತು, "ಅದು ನನ್ನದು, ನಾನು ಕೊಟ್ಟದ್ದು" ಎಂದು ದಾನಿಯ ಗತ್ತಿನಲ್ಲಿ ಕೂಗುತ್ತಿದ್ದ. ಕಮಲಕ್ಕ ನಗುತ್ತಾ, "ನಮ್ಮವ ಶುರು ಮಾಡಿದ್ದನ್ನು ನಿಮ್ಮವ ಮುಗಿಸ್ತಾನೆ" ಎನ್ನುವಳು.

ಚಿಂದಿ ನಡೆಯತೊಡಗಿದ, ಓಡತೊಡಗಿದ. ಎರಡು ತುಂಬಿದ ಮೇಲೆ ಅತ್ತೆಯೇ, "ಇನ್ನು ಸಾಕು, ಅವನದ್ದೇ ಬಟ್ಟೆ ಹಾಕಿ, ಒಂದು ಹೆಸರೂ ಇಡಿ" ಎಂದು ಅಪ್ಪಣೆ ಕೊಟ್ಟು ಸವಣೂರಿಗೆ ಹೋದರು. ಭಾಗೀರಥಿ ಒಪ್ಪಲಿಲ್ಲ. ದೀಪಾವಳಿಗೆ ಎಂದಳು, ದೀಪಾವಳಿ ಬಂದಾಗ ಯುಗಾದಿಗೆ ಎಂದಳು. ಯುಗಾದಿಯೂ ಹೋಯಿತು. ನಾನು ಒಮ್ಮೆ ರೇಗಿ, "ಮದುವೆಗೂ ಇವನನ್ನು ಪೋಸ್ಟ್‌ಮ್ಯಾನಿನ ಅಂಗಿಯಲ್ಲೇ ಕೂರಿಸ್ತೀಯಾ?" ಎಂದು ಕೇಳಿದೆ. ಅವಳು ಮಗುವಿನ ಸೊಂಟಕ್ಕೆ ನೀಲಿ ಗೀಟಿನ ಬಟ್ಟೆ ಸುತ್ತುತ್ತಾ, ತಲೆ ಎತ್ತದೆ, "ಇವ ನಮ್ಮವ ಅಂತ ಗೊತ್ತಾಗುದು ಬೇಡ" ಎಂದಳು. ಅವಳ ಲೆಕ್ಕದಲ್ಲಿ ಆ ಇಣುಕುವವನು ಇನ್ನೂ ಬಾಗಿಲಲ್ಲೇ ಇದ್ದ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ವಸಂತನಿಗೆ ಜ್ವರ ಬಂತು. ಡಾಕ್ಟರರನ್ನು ಕರೆಸಿದರು, ಔಷಧವೂ ಆಯಿತು, ಪ್ರಾರ್ಥನೆಯೂ ಆಯಿತು. ಹುಡುಗ ಉಳಿಯಲಿಲ್ಲ.

ಅವನನ್ನು ತೆಗೆದುಕೊಂಡು ಹೋಗಿ ಬಂದ ಮೇಲೆ ನಾನು ಸ್ನಾನ ಮಾಡಿ ಒಳಗೆ ಬಂದಾಗ ಭಾಗೀರಥಿ ನೆಲದ ಮೇಲೆ ಕೂತು ಮಗುವಿನ ಬಟ್ಟೆಯ ರಾಶಿಯಿಂದ ಕಮಲಕ್ಕನ ಮನೆಯವನ್ನು ಬೇರೆ ಮಾಡುತ್ತಿದ್ದಳು. ಚಿಂದಿ ಬತ್ತಲೆ ಓಡಾಡುತ್ತಿದ್ದ. "ನಾವು ಅವರ ಮನೆಯಿಂದ ತಂದದ್ದು ಬಟ್ಟೆಯನ್ನಾ, ಆಯುಷ್ಯವನ್ನಾ?" ಎಂದು ಕೇಳಿದಳು. ಹುಚ್ಚಿ, ಹಾಗೆಲ್ಲ ಇಲ್ಲ, ಜ್ವರಕ್ಕೂ ಬಟ್ಟೆಗೂ ಏನು ಸಂಬಂಧ ಎಂದು ನಾನು ಬಹಳ ತಿಳಿದವನ ಹಾಗೆ ಮಾತಾಡಿದೆ. ಅವಳು ಕೇಳುವಷ್ಟು ಕೇಳಿ, "ಹಾಗಾದ್ರೆ ಬೇಡ್ಲಿಕ್ಕೆ ಹೋದದ್ದು ಯಾಕೆ?" ಎಂದಳು.

ಹಳೆ ಬಟ್ಟೆ ನಮ್ಮ ಮಗುವನ್ನು ಕಾಪಾಡಿತು ಎಂದು ನಂಬುವುದಾದರೆ, ಅದು ಇನ್ನೊಂದು ಮನೆಯಿಂದ ಕಿತ್ತು ತಂದದ್ದು ಎಂಬುದನ್ನೂ ನಂಬಬೇಕು. ನನ್ನ ಹೊಸ ಮಲ್‌ಮಲ್ಲು ಮೊದಲ ಎರಡನ್ನೂ ಕೊಂದಿತು ಎಂಬುದನ್ನೂ ನಂಬಬೇಕು. ಯಾವುದನ್ನೂ ನಂಬದಿದ್ದರೆ ನಾನು ನಿರಪರಾಧಿ, ಆದರೆ ಆಗ ಚಿಂದಿಯನ್ನು ಕಾಯುವುದಕ್ಕೂ ಏನೂ ಇಲ್ಲ. ಬೇಕಾದ ಅರ್ಧವನ್ನು ಮಾತ್ರ ಹರಿದು ಕೊಡಿ ಎನ್ನಲು ಇದು ಅಂಗಡಿಯ ಥಾನು ಅಲ್ಲವಲ್ಲ. ಬಟ್ಟೆಯ ವಿಷಯದಲ್ಲಿ ನನಗೆ ಉತ್ತರ ತಿಳಿಯದೆ ಹೋದದ್ದು ಅದೇ ಮೊದಲು.

ಸೂತಕ ಕಳೆದ ಮೇಲೆ ಒಂದು ಸಂಜೆ ಭಾಗೀರಥಿ ಆ ಬಟ್ಟೆಗಳನ್ನೆಲ್ಲ ಮತ್ತೊಮ್ಮೆ ಒಗೆದು, ಮಡಚಿ, ಗಂಟು ಕಟ್ಟಿ ಕಮಲಕ್ಕನ ಮನೆಗೆ ಹೊರಟಳು. ಕೊಟ್ಟ ಉಚ್ಚೆ ಬಟ್ಟೆಯನ್ನು ಹಿಂದಕ್ಕೆ ಕೊಡುವ ಕ್ರಮ ಲೋಕದಲ್ಲಿ ಎಲ್ಲಾದರೂ ಇದೆಯೇ? ಬೇಡ ಎಂದೆ, ಕೇಳಲಿಲ್ಲ. ಚಿಂದಿಯನ್ನು ಎತ್ತಿಕೊಂಡು ನಾನೂ ಹಿಂದೆ ಹೋದೆ. ಅವನಿಗೆ ಬಟ್ಟೆಯೇ ಇರಲಿಲ್ಲ. ಬೇರೆಯವರ ಮನೆಯದನ್ನೂ ಅವಳು ಕಟ್ಟಲು ಬಿಡುತ್ತಿರಲಿಲ್ಲ, ಹೊಸತಕ್ಕೂ ಧೈರ್ಯವಿರಲಿಲ್ಲ.

ಕಮಲಕ್ಕ ಜಗಲಿಯ ತುದಿಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಭಾಗೀರಥಿ ಗಂಟನ್ನು ಎದುರಿಗಿಟ್ಟು, "ಅಕ್ಕ, ಇದು ನಿಮ್ಮ ಮನೆಯದ್ದು" ಎಂದಳು. ಕಮಲಕ್ಕ ಗಂಟು ಬಿಚ್ಚಿದಳು. ನೀಲಿ ಗೀಟಿನ ತುಂಡು ಮೇಲೆಯೇ ಇತ್ತು. ಅದನ್ನು ಎತ್ತಿ ಮುಖಕ್ಕೆ ಒತ್ತಿ ಹಿಡಿದಳು.

"ಅವನ ವಾಸನೆ ಇಲ್ಲ ಇದರಲ್ಲಿ. ನಿಮ್ಮ ಮನೆಯ ಹೊಗೆ ವಾಸನೆ ಮಾತ್ರ ಉಂಟು" ಎಂದಳು.

ಭಾಗೀರಥಿ ಅಳುತ್ತಾ, "ನಾವು ಕೇಳಬಾರದಿತ್ತು ಅಕ್ಕ" ಎಂದಳು.

ಆ ಕ್ಷಣ, ನನ್ನ ಮಗ ಎಲ್ಲ ಕಾಲಕ್ಕೂ ಮಾಡುವ ಕೆಲಸವನ್ನೇ ಮಾಡಿದ. ನನ್ನ ಅಂಗಿ, ಪಂಚೆ, ಕಮಲಕ್ಕನ ಚಾಪೆಯ ಅಂಚು, ಎಲ್ಲವೂ ಒದ್ದೆಯಾಯಿತು. ನಾನು ಭೂಮಿಗೆ ಇಳಿದುಹೋದೆ. ಕಮಲಕ್ಕ ಮುಖದಿಂದ ಬಟ್ಟೆ ತೆಗೆದು ನೋಡಿ, ಏನೂ ಯೋಚಿಸದೆ, ಅಷ್ಟು ಮಕ್ಕಳನ್ನು ಬೆಳೆಸಿದ ಕೈಯ ಅಭ್ಯಾಸದಿಂದ, ಅವನನ್ನು ನನ್ನ ಕೈಯಿಂದ ಎಳೆದುಕೊಂಡು ಮಡಿಲಲ್ಲಿ ಕೂರಿಸಿ, ಅದೇ ನೀಲಿ ಗೀಟಿನ ಬಟ್ಟೆಯಿಂದ ಒರೆಸಿ, ಅದನ್ನೇ ಕೊಡವಿ ಸೊಂಟಕ್ಕೆ ಸುತ್ತಿದಳು. "ಎಂತ ಭಾಗೀರಥಿ, ಸಂಜೆ ಹೊತ್ತಿಗೆ ಮಗುವನ್ನು ಹೀಗೆ ಬತ್ತಲೆ ತರುದಾ? ಥಂಡಿ ಹಿಡಿದ್ರೆ..." ಎಂದು ಗದರಿಸಲು ಹೋದವಳು ಚಿಂದಿಯ ತಲೆಗೆ ಗಲ್ಲ ಊರಿ ಅತ್ತಳು. ಅವಳು ಬಾಯಿ ಬಿಟ್ಟು ಅತ್ತದ್ದು ಅವತ್ತೇ ಮೊದಲಂತೆ, ಆಮೇಲೆ ಅವಳ ಗಂಡ ಹೇಳಿದ. ಚಿಂದಿ ಮಾತ್ರ ತನ್ನ ಇಷ್ಟದ ಬಟ್ಟೆ ಸಿಕ್ಕಿದ ಸಮಾಧಾನದಲ್ಲಿ ಅವಳ ಬಳೆಗಳನ್ನು ತಿರುಗಿಸುತ್ತಾ ಕೂತ.

ಸ್ವಲ್ಪ ಹೊತ್ತಿನ ಮೇಲೆ ಕಮಲಕ್ಕ ಕಣ್ಣೊರಸಿಕೊಂಡು ಹೇಳಿದಳು: "ಬಟ್ಟೆಗೆ ಎಂತ ಗೊತ್ತುಂಟು ಮಾರಾಯ್ತಿ? ನಿನ್ನ ಮೊದಲಿನ ಎರಡು ಹೋದದ್ದು ಹೊಸ ಬಟ್ಟೆ ಹಾಕಿದ್ದಕ್ಕಾ? ಅಲ್ಲ. ನನ್ನವ ಹೋದದ್ದು ಹಳತು ಕೊಟ್ಟದ್ದಕ್ಕೂ ಅಲ್ಲ." ಅವಳು ಹೇಳಿದ್ದು ಭಾಗೀರಥಿಗೆ. ಆದರೆ ಬಾಗಿಲ ಹತ್ತಿರ ಒದ್ದೆ ಪಂಚೆಯಲ್ಲಿ ನಿಂತಿದ್ದ ನನಗೆ, ಅಷ್ಟು ವರ್ಷ ಎದೆಯಲ್ಲಿ ಕೂತಿದ್ದ ಮಾತೊಂದನ್ನು ಯಾರೋ ಕೈ ಹಿಡಿದು ಎಬ್ಬಿಸಿದ ಹಾಗಾಯಿತು. ಎದ್ದು ಹೊರಗೆ ಹೋಯಿತು ಎಂದು ಆಗ ತಿಳಿದಿದ್ದೆ.

ನಾವು ಹೊರಡುವಾಗ ಕಮಲಕ್ಕ ಮೆಲ್ಲಗೆ ಹೇಳಿದಳು: "ಅಣ್ಣ, ಒಂದು ಉಪಕಾರ ಮಾಡ್ಬೇಕು. ಇನ್ನು ಇವನಿಗೆ ಇವನದ್ದೇ ಬಟ್ಟೆ ಹಾಕಿ. ಹಿತ್ತಲಿಗೆ ಬಂದ್ರೆ ನಿಮ್ಮ ಹಗ್ಗ ಕಾಣ್ತದೆ. ಅದರಲ್ಲಿ ನಮ್ಮ ವಸಂತನ ಬಟ್ಟೆ ನೇತಾಡುದು ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಅತ್ತೆಯ ಅಪ್ಪಣೆಗೆ, ನನ್ನ ಸಿಟ್ಟಿಗೆ, ದೀಪಾವಳಿ ಯುಗಾದಿಗಳಿಗೆ ಬಗ್ಗದ ಭಾಗೀರಥಿ ಆ ಮಾತಿಗೆ ತಲೆಯಾಡಿಸಿದಳು. ಚಿಂದಿಯನ್ನು ಚಾಪೆಯ ಮೇಲೆ ಮಲಗಿಸಿ, ನೀಲಿ ಗೀಟಿನ ಬಟ್ಟೆಯನ್ನು ಬಿಚ್ಚಿ ಕಮಲಕ್ಕನ ಕೈಯಲ್ಲಿಟ್ಟು, ಅವನನ್ನು ತನ್ನ ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು. ಮರುದಿನ ಬೆಳಿಗ್ಗೆ, ಕಟ್ಟದೆ ನಮ್ಮ ಹಗ್ಗದ ಮೇಲೇ ಉಳಿದಿದ್ದ ವಕೀಲರ ಮನೆ, ಅರ್ಚಕರ ಮನೆ, ಪೋಸ್ಟಾಫೀಸು, ಇಗರ್ಜಿ ಎಲ್ಲವೂ ಇಳಿದವು.

ಅಂಗಡಿಗೆ ಹೋಗಿ ನಾನೇ ಮಲ್‌ಮಲ್ಲಿನ ಥಾನು ಬಿಚ್ಚಿದೆ. ಅಳೆದು ಕತ್ತರಿಸುವುದರಲ್ಲಿ ಹೆಸರು ತೆಗೆದ ನನ್ನ ಕೈಯಲ್ಲಿ ಅವತ್ತು ಕತ್ತರಿ ಸೊಟ್ಟಗೆ ಹೋಯಿತು. ಸಂಜೆ ಭಾಗೀರಥಿ ದೇವರಿಗೆ ದೀಪ ಹಚ್ಚಿ, ಆ ಬಟ್ಟೆ ಕಟ್ಟಿದಳು. ಚಿಂದಿ ಎರಡು ಹೆಜ್ಜೆ ಹೋಗಿ ನಿಂತ. ಗಂಜಿ ಹೋಗದ ಬಟ್ಟೆ ಅವನ ತೊಡೆಗೆ ಚುಚ್ಚಿರಬೇಕು. ಕಿರುಚುತ್ತಾ ಕಿತ್ತೆಸೆದು, ಬೇಲಿಯ ಸಂದಿನಲ್ಲಿ ನುಗ್ಗಿ ಸೀದಾ ಕಮಲಕ್ಕನ ಮನೆಗೆ ಓಡಿದ. ಅವಳು ಎತ್ತಿಕೊಂಡು ಬಂದು ಬಿಟ್ಟು, "ಮೊದಲು ಅದನ್ನು ಮೆದು ಮಾಡಿ" ಎಂದಳು. ಮೆದು ಮಾಡುವುದಕ್ಕೆ ಒಗೆದದ್ದು ಸಾಕಾಗಲಿಲ್ಲ, ಯಾರಾದರೂ ಉಪಯೋಗಿಸಬೇಕು. ಹಾಗಾಗಿ ಮಗನ ಉಚ್ಚೆ ಬಟ್ಟೆಗಳನ್ನು ಸರದಿಯಂತೆ ಹೆಗಲಿಗೆ ಹಾಕಿಕೊಂಡು, ಬೆವರು ಒರೆಸಿಕೊಂಡು, ನಾನೇ ಅಂಗಡಿಗೆ ಹೋಗತೊಡಗಿದೆ. ಹೊಸ ಬಟ್ಟೆ ಮಾರುವವನಿಗೆ ಹೊಸ ಬಟ್ಟೆಯನ್ನು ಹಳತು ಮಾಡುವ ಕೆಲಸವೂ ಬಂತು. ಮಗನಿಗೆ ಶಾಸ್ತ್ರಕ್ಕೆ ಸರಿಯಾಗಿ ಒಂದು ಚಂದದ ಹೆಸರನ್ನೂ ಇಟ್ಟೆವು. ಈಗ ಶಾಲೆಗೆ ಹೋಗುತ್ತಾನೆ, ಮೇಷ್ಟ್ರು ಆ ಹೆಸರು ಕೂಗಿದರೆ ತಿರುಗಿಯೂ ನೋಡುವುದಿಲ್ಲ. ಚಿಂದಿ ಎಂದು ಬೇಲಿಯಾಚೆಯಿಂದ ಕಮಲಕ್ಕ ಕರೆದರೆ ಅನ್ನದ ಬಟ್ಟಲು ಬಿಟ್ಟು ಓಡುತ್ತಾನೆ.

ಬಟ್ಟೆಗೆ ಏನೂ ಗೊತ್ತಿಲ್ಲ ಎಂದು ಕಮಲಕ್ಕ ಹೇಳಿದ್ದನ್ನು ನಾನು ಪೂರ್ತಿಯಾಗಿ ಒಪ್ಪಿದ್ದೇನೆ. ಈ ವಿಷಯದಲ್ಲಿ ನನಗೆ ಈಗ ಯಾವ ಮೂಢನಂಬಿಕೆಯೂ ಇಲ್ಲ. ಕಳೆದ ವಾರ ಸುಳ್ಯದ ಕಡೆಯ ಒಬ್ಬ ತರುಣ ಅಂಗಡಿಗೆ ಬಂದ. ಹೆಂಡತಿಗೆ ಹೆರಿಗೆಯಾಗಿದೆ, ಚೊಚ್ಚಲು. ಮುಖವೆಲ್ಲ ನಗು. "ಮಗುವಿಗೆ ಬಟ್ಟೆ ಆಗ್ಬೇಕು, ಇದ್ದದ್ದರಲ್ಲಿ ಒಳ್ಳೇದು ಕೊಡಿ" ಎಂದ. ನಾನು ಮಲ್‌ಮಲ್ಲಿನ ಥಾನನ್ನು ಕಪಾಟಿನಿಂದ ಇಳಿಸಿದೆ. ಮೇಜಿನ ಮೇಲೆ ಹಾಸಿದೆ. ಅವನು ಎರಡು ಬೆರಳುಗಳ ನಡುವೆ ಉಜ್ಜಿ ನೋಡಿ, ಉಬ್ಬಿಹೋಗಿ, "ಬಾಳಿಕೆ ಬರ್ತದಲ್ಲ?" ಎಂದು ಕೇಳಿದ.

ನಾನು ಥಾನನ್ನು ಮೆಲ್ಲಗೆ ಸುತ್ತತೊಡಗಿದೆ. "ಮನೆಯಲ್ಲಿ ಹಳೆ ಸೀರೆ ಉಂಟಾ? ಇಲ್ಲದಿದ್ರೆ ಮಕ್ಕಳು ಗಟ್ಟಿ ಇರುವ ಯಾರ ಮನೆಯಿಂದಾದ್ರೂ ಕೇಳಿ ತೆಗೊಳ್ಳಿ. ಇದು ಮತ್ತೆ ನೋಡುವ" ಎಂದೆ. ಗಲ್ಲಾದ ಹತ್ತಿರದಿಂದ ಧನಿಗಳು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಹುಡುಗ ಆಶ್ಚರ್ಯದಿಂದ, "ಯಾಕೆ, ಹೊಸತು ಹಾಕ್ಬಾರ್ದಾ?" ಎಂದ.

"ಛೆ, ಹಾಗೇನಿಲ್ಲ. ಹಳತು ಮೆದು ಇರ್ತದೆ, ಅಷ್ಟೇ" ಎಂದೆ. ಅವನು ಮೆಟ್ಟಿಲಿಳಿದು, ರಸ್ತೆ ದಾಟಿ, ಬರಿಗೈಯಲ್ಲಿ ಸುಳ್ಯದ ಬಸ್ಸು ಹತ್ತುವವರೆಗೂ ಥಾನಿನ ಮೇಲೆ ಇಟ್ಟ ಕೈಯನ್ನು ನಾನು ತೆಗೆಯಲಿಲ್ಲ.